ತೆರ್ಕಾಗೆ ಕಾಯಂ ಕೆಲಸ ಸಿಕ್ಕಿತು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೂ ನಾನು ಕುಡಿಯುವ ಪಾಲಿಂಕಾ ಸಾರಾಯಿ ಗಂಟಲಲ್ಲೇ ನೀರಾಗಿ ಹೋಗಲಿ. ತೆರ್ಕಾ ಚಿಕ್ಕಮ್ಮನ ಶವಪೆಟ್ಟಿಗೆ ಅರ್ಧ ಇಳಿದಿತ್ತು. ನಾಲ್ವರು ಗಂಡಸರು ಹಗ್ಗ ಹಿಡಿದು ಏದುಸಿರು ಬಿಡುತ್ತಿದ್ದರು. ಅಷ್ಟರಲ್ಲಿ ಬೆರ್ತಿ ಮೇಸ್ತ್ರಿ ಗುಂಡಿಯ ಅಂಚಿಗೆ ಬಂದು ಹಾಜರಿ ಪುಸ್ತಕ ಬಿಚ್ಚಿದ.

“ಒಂದ್ನಿಮಿಷ ಹಂಗೇ ಹಿಡ್ಕಳ್ರಪ್ಪ. ಎಂಟು ಗಂಟೆ ಆಯ್ತು. ಹೆಸ್ರು ಕೂಗ್ಬೇಕು.”

“ಥೂ ನಿನ್ನ ಮುಖಕ್ಕೆ! ಒಳಗಿರೋಳ್ ಹೆಸ್ರನ್ನೂ ಕೂಗ್ತೀಯೇನೋ?” ಎಂದಳು ಎತೆಲ್ಕಾ. ಹನ್ನೊಂದು ವರ್ಷ ತೆರ್ಕಾಳ ಪಕ್ಕದಲ್ಲಿ ನಿಂತು ಒಂದೇ ಚರಂಡಿ ಬಳಿದವಳು ಅವಳು. ನಾಲಿಗೆಗೆ ಮೂಳೆಯಿಲ್ಲ, ಹೆದರಿಕೆಯೂ ಇಲ್ಲ.

“ಅವ್ಳ ಹೆಸ್ರು ಶನಿವಾರಾನೇ ತೆಗ್ದೆ ಕಣಕ್ಕ. ಕಾಯಂ ಕೆಲ್ಸ ಸಿಕ್ತು ಅಂತ ಬರ್ದೆ.”

“ಏನಂದೆ?”

“ನಾನೇನ್ ಮಾಡ್ಲಿ? ಹೊಸ ಕಾಗದದಲ್ಲಿ ಇರೋದೇ ಎರಡು ಚೌಕ. ಕೆಲ್ಸ ಬೇಡ ಅಂತ ಬಿಟ್ಟೋರು, ಕಾಯಂ ಕೆಲ್ಸ ಸಿಕ್ಕಿ ಹೋದೋರು. ಸತ್ತೋರಿಗೆ ಚೌಕಾನೇ ಇಟ್ಟಿಲ್ಲ. ಮೊದಲ್ನೇದಕ್ಕೆ ಗುರುತು ಹಾಕಿದ್ರೆ ಮನೆಯೋರ್ನೆಲ್ಲಾ ಪಟ್ಟಿಯಿಂದ ತೆಗ್ದಾಕ್ತಾರೆ. ಯೊಲಾನ್ ಗತಿ ಏನಾಗ್ಬೇಕು?”

ಯೊಲಾನ್ ಸತ್ತವಳ ಮಗಳು. ಗಂಡನಿಲ್ಲ, ಎರಡು ಹೆಣ್ಣುಮಕ್ಕಳು. ಅವಳೂ ನಮ್ಮಂತೆಯೇ ಸರ್ಕಾರಿ ಕೂಲಿ. ಹಾಜರಿ ಇದ್ದರೆ ಕೂಲಿ, ಹಾಜರಿ ಇದ್ದರೆ ಚಳಿಗಾಲಕ್ಕೆ ಸೌದೆ. ಒಂದು ದಿನ ತಪ್ಪಿದರೆ ಮೂರು ತಿಂಗಳು ಕೂಲಿಯೂ ಇಲ್ಲ, ಸೌದೆಯೂ ಇಲ್ಲ. ಬಡವರನ್ನು ಉದ್ಧಾರ ಮಾಡಲು ತಂದ ಸುಧಾರಣೆ ಇದು. ರಜೆ ಬೇಕಿದ್ದರೆ ಹದಿನೈದು ದಿನ ಮುಂಚೆ ಅರ್ಜಿ ಕೊಡಬೇಕು. ಹೆತ್ತ ತಾಯಿಯನ್ನು ಮಣ್ಣು ಮಾಡುವುದಕ್ಕೂ ಅಷ್ಟೇ.

ಅದಕ್ಕೇ ಬೆರ್ತಿ ಒಂದು ಉಪಾಯ ಹೂಡಿದ್ದ. ಸ್ಮಶಾನ ಪಂಚಾಯಿತಿಯದು. ಗುಂಡಿ ತೋಡುವುದು, ಭಾರ ಇಳಿಸುವುದು, ಮಣ್ಣು ಎಳೆಯುವುದು, ಎಲ್ಲವೂ ಕೆಲಸವೇ. ಹಾಗಾಗಿ ಇಪ್ಪತ್ತೆರಡು ಜನವೂ ಕಿತ್ತಳೆ ಬಣ್ಣದ ಸರ್ಕಾರಿ ಜಾಕೀಟು ತೊಟ್ಟು ನಿಂತಿದ್ದೆವು. ಯೊಲಾನ್ ಕೂಡ, ಕಪ್ಪು ಬಟ್ಟೆಯ ಮೇಲೆ. ನಡುವೆ ನಮ್ಮ ಪಾದ್ರಿ, ಕುಂಬಳಕಾಯಿ ರಾಶಿಯಲ್ಲಿ ಸಿಕ್ಕಿಕೊಂಡ ಕಾಗೆಯ ಹಾಗೆ.

“ಯೊಲಾನ್!” ಎಂದು ಬೆರ್ತಿ ಕೂಗಿದ.

ಅವಳು ಗುಂಡಿಯಿಂದ ಕಣ್ಣು ತೆಗೆಯದೆ, “ಇದೀನಿ,” ಎಂದಳು.

*

ತೆರ್ಕಾ ಮೊದಲು ಟೊಮೇಟೊ ಡಬ್ಬಿ ತುಂಬುವ ಕಾರ್ಖಾನೆಯಲ್ಲಿದ್ದಳು. ಅದಕ್ಕೆ ಬೀಗ ಬಿದ್ದ ಮೇಲೆ ಕೈಗೆ ಪೊರಕೆ ಬಂತು. ಅವಳು ಗುಡಿಸಿದ ದಾರಿಯಲ್ಲಿ ನೊಣ ಕೂತರೆ ಜಾರಿ ಬೀಳುತ್ತಿತ್ತು. ಬಿದ್ದ ಎರಡು ನೊಣಗಳನ್ನು ನಾನೇ ಕೈಯಾರೆ ಎತ್ತಿ ಕೂರಿಸಿದ್ದೇನೆ.

ಈ ಶರತ್ಕಾಲದಲ್ಲಿ ಸುಧಾರಣೆ ಬಂತು. ಪೊರಕೆ ಕಸಿದುಕೊಂಡು ನಮ್ಮನ್ನು ಶಾಲೆಯ ಬೆಂಚಿನ ಮೇಲೆ ಕೂರಿಸಿದರು. ಆ ಬೆಂಚುಗಳು ಮಕ್ಕಳವು, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಪಟ್ಟಣದಿಂದ ಬಂದ ಒಬ್ಬ ಹುಡುಗಿ ಕೈಕುಲುಕುವುದು ಹೇಗೆ, ಕೆಲಸ ಕೊಡುವ ಸಾಹುಕಾರನ ಕಣ್ಣಿಗೆ ಕಣ್ಣಿಟ್ಟು ನಗುವುದು ಹೇಗೆ ಎಂದು ಕಲಿಸಿದಳು. ನಮ್ಮೂರಿನ ಸುತ್ತ ಮೂವತ್ತು ಮೈಲಿಯಲ್ಲಿ ಕೈಕುಲುಕೋಣವೆಂದರೆ ಒಬ್ಬ ಸಾಹುಕಾರನಿಲ್ಲ.

“ಇನ್ನೈದು ವರ್ಷಕ್ಕೆ ನೀವು ಎಲ್ಲಿರ್ತೀರಿ ತೆರ್ಕಾ ಅವ್ರೇ?” ಎಂದು ಕೇಳಿದಳು ಆ ಹುಡುಗಿ.

“ಸ್ಮಶಾನದಲ್ಲಿ ಕಣವ್ವ. ನಮ್ಮೆಜಮಾನ್ರ ಪಕ್ಕ ಜಾಗ ಹಿಡ್ದಿಟ್ಟಿದೀನಿ.”

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಹುಡುಗಿ ಮಾತ್ರ ಅದನ್ನೂ ಬರೆದುಕೊಂಡಳು.

ಮುಂದಿನ ಸೋಮವಾರ ತೆರ್ಕಾಗೆ ಜ್ವರ. ಕೆಮ್ಮಿದರೆ ಎದೆಯೊಳಗೆ ಹಳೇ ಬಾಗಿಲು ಕಿರುಗುಟ್ಟಿದಂತೆ.

“ಮನೇಗ್ ಹೋಗೇ ಮಾರಾಯ್ತಿ,” ಎಂದಳು ಎತೆಲ್ಕಾ.

“ಹೋಗ್ಲಿಕ್ಕೆ ಹದ್ನೈದು ದಿನದ್ ಹಿಂದೇನೇ ಅರ್ಜಿ ಕೊಡ್ಬೇಕಿತ್ತಲ್ಲೇ. ಜ್ವರ ನಂಗೆ ಹೇಳಿ ಬರ್ಲಿಲ್ಲ.”

ತರಗತಿ ಮುಗಿದ ಶುಕ್ರವಾರದವರೆಗೂ ಅವಳು ಬೆಂಚಿನ ಮೇಲೆ ಕೂತಳು. ಎಲ್ಲ ದಿನವೂ ಹಾಜರಿ. ಶನಿವಾರ ಬೆಳಗ್ಗೆ ಸತ್ತಳು. ಶನಿವಾರ ಹೇಗೂ ರಜೆ.

*

ಪೆಟ್ಟಿಗೆ ತಳ ಮುಟ್ಟಿತು. ಯೊಲಾನ್ ಮೊದಲ ಹಿಡಿ ಮಣ್ಣು ಹಾಕುವಾಗ ಗೇಟಿನ ಹತ್ತಿರ ಕಾರು ನಿಂತಿತು. ಜಿಲ್ಲಾ ಕಚೇರಿಯ ಸಾಹೇಬರು ಇಳಿದರು. ಹಿಂದೆ ಕ್ಯಾಮೆರಾ ಹಿಡಿದ ಒಬ್ಬ ಹೆಂಗಸು. ಸಾಹೇಬರ ಕೈಯಲ್ಲಿ ಬಂಗಾರದ ಅಂಚಿನ ಪ್ರಮಾಣಪತ್ರ.

“ಭೇಷ್! ಬೆಳಗ್ಗೆ ಬೆಳಗ್ಗೇನೇ ಎಷ್ಟು ಹುರುಪಿನ ಕೆಲಸ!” ಎಂದರು. “ನಿಮ್ಮೂರು ಇಡೀ ಜಿಲ್ಲೆಗೇ ಮೊದಲು ಬಂದಿದೆ. ಸುಧಾರಣೆಯಿಂದ ಕಾಯಂ ಕೆಲಸ ಸಿಕ್ಕಿರೋದು ಒಬ್ಬರಿಗೇ. ಎಲ್ಲಿ ಆ ತೆರ್ಕಾ ಅನ್ನೋರು?”

ಬೆರ್ತಿಯ ಮುಖ ಸುಣ್ಣದ ಗೋಡೆಯಾಯಿತು.

“ಬಗ್ಗಿ ನೋಡಿ ಸ್ವಾಮಿ,” ಎಂದಳು ಎತೆಲ್ಕಾ. “ಕೆಳಗವ್ಳೆ.”

ಸಾಹೇಬರು ಬಗ್ಗಿದರು. ಪೆಟ್ಟಿಗೆ ನೋಡಿದರು, ಪಾದ್ರಿಯನ್ನು ನೋಡಿದರು, ನಮ್ಮ ಜಾಕೀಟುಗಳನ್ನು ನೋಡಿದರು. ಮನುಷ್ಯ ದಡ್ಡನಲ್ಲ. ಎಲ್ಲ ಅರ್ಥವಾಯಿತು. ಈಗ ಟೋಪಿ ತೆಗೆಯುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ ಎಂದುಕೊಂಡೆ. ಅವರು ಜೇಬಿನಿಂದ ಕರವಸ್ತ್ರ ತೆಗೆದು ಬೂಟಿನ ಮಣ್ಣು ಒರೆಸಿಕೊಂಡರು.

“ಲೆಕ್ಕ ಆಗ್ಲೇ ರಾಜಧಾನಿಗೆ ಹೋಗ್ಬಿಟ್ಟಿದೆ,” ಎಂದರು. “ವಾಪಸ್ ತರ್ಸೋಕಾಗಲ್ಲ. ಮಗಳು ಯಾರು?”

ಯೊಲಾನ್ ಮುಂದೆ ಬಂದಳು.

“ಅಮ್ಮನ ಹೋಲಿಕೆ ಇದೆಯಾ?”

“ಇದೆ ಅಂತಾರೆ.”

“ಹಾಗಾದ್ರೆ ಈ ಪತ್ರ ಹಿಡ್ಕೊಂಡು ಅವ್ರ ಜಾಗದಲ್ಲಿ ನೀನು ನಿಂತ್ಕೋ. ಒಂದು ಫೋಟೋ. ಇವತ್ತು ಇಲ್ಲಿ ನಾನು ಕಂಡಿದ್ದು ಕೆಲಸಾನೇ, ಮಣ್ಣು ಮಾಡೋದನ್ನ ಕಂಡಿಲ್ಲ. ಎಲ್ಲರ ಹಾಜರಿನೂ ಹಾಗೇ ಇರ್ಲಿ. ಇಲ್ಲಾ ಅಂದ್ರೆ...”

“ಬೇಡ ಕಣೇ!” ಎಂದಳು ಎತೆಲ್ಕಾ. “ಹೆತ್ತೋಳ್ ಗುಂಡಿ ಮುಂದೆ ನಾಟ್ಕ ಆಡ್ತೀಯಾ?”

ಯೊಲಾನ್ ನಮ್ಮ ಇಪ್ಪತ್ತೊಂದು ಮುಖಗಳನ್ನು ನೋಡಿದಳು. ನಾನು ನನ್ನ ಬೂಟು ನೋಡಿಕೊಂಡೆ. ಬೇರೆಯವರೂ ಅದನ್ನೇ ಮಾಡಿದರು. ಆಮೇಲೆ ಅವಳು ಅಜ್ಜಿಯ ಗುಂಡಿಯ ಬಳಿ ಕೈಕೈ ಹಿಡಿದು ನಿಂತ ತನ್ನ ಹುಡುಗಿಯರನ್ನು ನೋಡಿದಳು. ಮಣ್ಣಾದ ಕೈಯನ್ನು ಜಾಕೀಟಿಗೆ ಒರೆಸಿಕೊಂಡು ಪತ್ರ ತೆಗೆದುಕೊಂಡಳು.

“ಸ್ವಲ್ಪ ಎಡಕ್ಕೆ ಬಾಮ್ಮ, ಶಿಲುಬೆ ಕಾಣ್ತಿದೆ,” ಎಂದಳು ಕ್ಯಾಮೆರಾದವಳು. “ಆ ಕಪ್ಪು ಬಟ್ಟೆ ತಲೆಯಿಂದ ತೆಗಿ. ಈಗ ನಗು. ಇನ್ನೊಂಚೂರು. ಕೆಲ್ಸ ಸಿಕ್ಕಿದೆಯಲ್ಲಾ!”

ಯೊಲಾನ್ ನಕ್ಕಳು. ತರಗತಿಯಲ್ಲಿ ಕಲಿಸಿದ ಹಾಗೆಯೇ, ಕಣ್ಣಿಗೆ ಕಣ್ಣಿಟ್ಟು.

ಎತೆಲ್ಕಾ ಹುಲ್ಲಿಗೆ ಕ್ಯಾಕರಿಸಿ ಉಗಿದಳು. ಸಾಹೇಬರ ಬೂಟಿಗೆ ಒಂದು ಬೆರಳಿನಷ್ಟು ಈಚೆಗೆ ಬಿತ್ತು.

*

ಆ ಫೋಟೋ ಈಗ ಜಿಲ್ಲಾ ಕಚೇರಿಯ ಗೋಡೆಯಲ್ಲಿದೆ, ಬಾಗಿಲಿನಷ್ಟು ದೊಡ್ಡದು. ಕೆಳಗೆ ತೆರ್ಕಾಳ ಹೆಸರು. ಹೋದ ವಾರ ಯೊಲಾನ್ ಸೌದೆ ಚೀಟಿಗೆ ಸಹಿ ಹಾಕಿಸಲು ಹೋದಳು. ಕಿಟಕಿಯ ಗುಮಾಸ್ತ ಅವಳನ್ನು ನೋಡಿದ, ಗೋಡೆ ನೋಡಿದ, ಮತ್ತೆ ಅವಳನ್ನು ನೋಡಿದ.

“ನಿಮ್ಗೆ ಕಾಯಂ ಕೆಲ್ಸ ಇದೆಯಲ್ರೀ!”

“ಅದು ನಮ್ಮಮ್ಮ ಸಾರ್. ತೀರ್ಕೊಂಡ್ರು.”

“ಮುಖ ನಿಮ್ದೇ ತಾನೆ? ಆ ಹೆಸ್ರಲ್ಲಿ ಕಾಯಂ ಕೆಲ್ಸ, ಈ ಹೆಸ್ರಲ್ಲಿ ಇಲ್ಲಿ ಹಾಜರಿ. ನಾಚ್ಕೆ ಆಗಲ್ವಾ?”

ಎರಡು ಹೆಸರಿನಲ್ಲಿ ಮೋಸ ಮಾಡಿದಳೆಂದು ಅವಳನ್ನು ಪಟ್ಟಿಯಿಂದ ತೆಗೆದರು. ಮುಚ್ಚಿದ ಕಿಟಕಿಯ ಮುಂದೆ ಅವಳು ಸೌದೆ ಚೀಟಿ ಹಿಡಿದು ನಿಂತಿದ್ದಳು. ಮೇಲೆ ಗೋಡೆಯಲ್ಲಿ ಅವಳೇ ನಗುತ್ತಿದ್ದಳು.

ತಕರಾರು ಅರ್ಜಿ ಬರೆಯೋಣವೆಂದರೆ ನನಗೆ ಸಹಿಯೊಂದು ಬಿಟ್ಟು ಬೇರೆ ಅಕ್ಷರ ಬರುವುದಿಲ್ಲ. ನೀವಾದರೆ ಓದಿದವರು, ಇಷ್ಟು ಹೊತ್ತು ಬಿಟ್ಟಿ ಕತೆಯನ್ನೂ ಕೇಳಿದಿರಿ. ಜೇಬಿನಲ್ಲಿ ಪೆನ್ನು ಇಣುಕುತ್ತಿದೆ, ತೆಗೆಯಿರಿ ಈಚೆಗೆ. ಮೊದಲ ಸಾಲು ನಾನೇ ಹೇಳುತ್ತೇನೆ: ‘ಸ್ವಾಮಿ, ನಿಮ್ಮ ಗೋಡೆಯ ಮೇಲೆ ನಗುತ್ತಿರುವವಳಿಗೆ ಇನ್ನೂ ಕೆಲಸ ಬೇಕಾಗಿದೆ.’ ಹೂಂ, ಬರೆಯಿರಿ. ಕೊನೆಗೆ ನಿಮ್ಮ ಹೆಸರು ಹಾಕಿ, ನನ್ನದು ಬೇಡ. ನನಗೆ ನಾಳೆ ಹಾಜರಿ ಇದೆ.