ಎಂಟನೆಯ ಪೈಪು

ಆ ಮನೆಯಲ್ಲಿ ಯಾರೂ ಮೆತ್ತಗೆ ಮಾತಾಡುತ್ತಿರಲಿಲ್ಲ. "ಊಟಕ್ಕೆ ಬನ್ನಿ" ಅನ್ನುವುದನ್ನೂ ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕಿತ್ತು. ಅಪ್ಪನದು ತಗಡಿನ ಕೆಲಸ. ಮನೆಯ ಮುಂಭಾಗವೇ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಟ್ರಂಕು, ಬಕೆಟ್ಟು ಬಡಿಯುವ ಸದ್ದು.

"ಕಿವಿ ತೋರಿಸ್ಕೊಂಡು ಬನ್ರೀ," ಎಂದು ಅಮ್ಮ ಹೇಳಿದರೆ, "ನನ್ನ ಕಿವಿ ಗಟ್ಟಿಯಾಗೇ ಇದೆ. ನೀವೇ ಬಾಯೊಳಗೆ ಗೊಣಗ್ತೀರಿ," ಎನ್ನುತ್ತಿದ್ದ ಅಪ್ಪ.

ಒಂದು ದಿನ ಮಗಳು ಗುಬ್ಬಿ ಶಾಲೆಯಿಂದ ಒಂದು ಚೀಟಿ ತಂದಳು. ಅವಳ ತರಗತಿಯ ಮಕ್ಕಳು ಸದ್ದು ಅಳೆಯುವ ಮೀಟರ್ ಹಿಡಿದು ವಾರವೆಲ್ಲ ಸುತ್ತಿದ್ದರು. ಎಂಟು ಜಾಗ, ಎಂಟು ಅಂಕಿ.

"ಅಪ್ಪಾ, ಎಂಟು ಪೈಪು ಕತ್ತರಿಸಿ ಕೊಡು. ಸದ್ದು ಹೆಚ್ಚಿರೋ ಜಾಗಕ್ಕೆ ಉದ್ದ ಪೈಪು, ಕಡಿಮೆ ಇರೋದಕ್ಕೆ ಗಿಡ್ಡ. ಶಾಲೆ ಬಾಗಿಲಲ್ಲಿ ನೇತುಹಾಕ್ತೀವಿ."

"ಅಂಕಿ ಬರೆದು ಗೋಡೆಗೆ ಅಂಟಿಸಿದ್ರೆ ಆಗಲ್ವಾ? ಇದೇನು ವಿಜ್ಞಾನಾನೋ, ಆಟದ ಸಾಮಾನೋ?"

"ಗೋಡೆಗೆ ಅಂಟಿಸಿದ್ದನ್ನ ನೀನು ಓದ್ತೀಯಾ?"

ಅಪ್ಪ ನಗುತ್ತ ಗರಗಸ ಎತ್ತಿಕೊಂಡ. "ಎಲ್ಲಕ್ಕಿಂತ ಉದ್ದದ್ದು ಯಾರದು?"

"ನಮ್ಮ ಅಂಗಡೀದು."

"ನೋಡಿದ್ಯಾ, ಮೊದಲ ಬಹುಮಾನ! ಗಿಡ್ಡದು?"

"ನಮ್ಮನೇದೇ. ಅಂಗಡಿ ತೆರೆಯೋಕೆ ಮುಂಚೆ ಅಜ್ಜಿ ಪದ್ಯ ಹೇಳೋ ಕೋಣೆ."

ಪೈಪುಗಳನ್ನು ಸಾಲಾಗಿ ತೂಗುಹಾಕಿ ಅಪ್ಪ ಮೊಳೆಯಿಂದ ಒಂದೊಂದನ್ನೇ ತಟ್ಟಿದ. ಏಳು ಪೈಪುಗಳು ಚೆನ್ನಾಗಿ ನುಡಿದವು. ಬೆರಳುದ್ದದ ಎಂಟನೆಯದು ಬರೀ 'ಟಕ್' ಎಂದಿತು. ಕೊಯ್ತ ಸೊಟ್ಟಗಾಗಿರಬೇಕೆಂದು ಇನ್ನೊಂದು ಕತ್ತರಿಸಿದ. ಅದೂ ಹಾಗೆಯೇ. ಮೂರನೆಯದನ್ನು ಅರದಿಂದ ಉಜ್ಜಿ ನುಣುಪು ಮಾಡಿ ತಟ್ಟಿದ.

"ಥೂ, ಈ ಪೈಪಲ್ಲಿ ಸ್ವರಾನೇ ಇಲ್ಲ!"

ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. "ಯಾಕೋ ನಿಲ್ಲಿಸಿದೆ? ಅಷ್ಟು ಸಣ್ಣಗೆ, ಇಂಪಾಗಿ ಕೇಳ್ತಿತ್ತು."

ಅಪ್ಪ ಮಗಳ ಕಡೆ ತಿರುಗಿದ. "ನಿನಗೂ ಕೇಳಿಸ್ತಾ?"

"ಮೂರೂ ಕೇಳಿಸ್ತು ಅಪ್ಪಾ," ಎಂದು ಗುಬ್ಬಿ ಹತ್ತಿರ ಬಂದಳು. "ವರ್ಷಗಟ್ಟಲೆ ದೊಡ್ಡ ಸದ್ದಲ್ಲೇ ಇದ್ರೆ ಇಂಥ ಕೀರಲು ಸ್ವರಗಳೇ ಮೊದಲು ಹೋಗೋದಂತೆ. ಹೋದದ್ದು ಗೊತ್ತೂ ಆಗಲ್ವಂತೆ. ಅದು ವಾಪಸ್ ಬರಲ್ಲ, ಉಳಿದದ್ದನ್ನ ಕಾಪಾಡ್ಕೋಬಹುದು ಅಂದ್ರು ಮೇಡಂ."

ಅಪ್ಪ ಮೊಳೆ ಕೆಳಗಿಟ್ಟ. ಆಮೇಲೆ ತಾಯಿಗೆ ಹೇಳಿದ: "ಅಮ್ಮಾ, ನೀನು ಪದ್ಯ ಹೇಳೋದು ಬಿಟ್ಟುಬಿಟ್ಟಿದ್ದೀಯ ಅಂದ್ಕೊಂಡಿದ್ದೆ."

"ಒಂದು ದಿನಾನೂ ಬಿಟ್ಟಿಲ್ಲ ಕಣಪ್ಪಾ."

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಅಪ್ಪ, ಅಮ್ಮ ಆಸ್ಪತ್ರೆಗೆ ಹೋದರು. ವೈದ್ಯರೂ ಮೇಡಂ ಹೇಳಿದ್ದನ್ನೇ ಹೇಳಿದರು. ಅಪ್ಪ ಈಗ ಕಿವಿ ಪೂರ್ತಿ ಮುಚ್ಚುವ ಕಾಪು ಹಾಕಿಕೊಂಡೇ ಸುತ್ತಿಗೆ ಹಿಡಿಯುತ್ತಾನೆ. "ಮೊದಲೇ ನನ್ನ ಮಾತು ಕೇಳ್ತಿರಲಿಲ್ಲ, ಈಗ ಬೀಗಾನೇ ಜಡಿದ್ರು," ಎಂದು ಅಮ್ಮ ನಗುತ್ತಾಳೆ.

ಶಾಲೆಯ ಬಾಗಿಲಲ್ಲಿ ಪೈಪುಗಳು ತೂಗುತ್ತಿವೆ. ಮೊನ್ನೆ ಎದುರಂಗಡಿಯ ಬಡಗಿ ಬಂದು ಎಂಟನೆಯದನ್ನು ಎರಡೆರಡು ಸಲ ತಟ್ಟಿ, ಕಿವಿಗೊಟ್ಟು ನಿಂತಿದ್ದ. ಗುಬ್ಬಿಯನ್ನು ಬಿಡಲು ಬಂದಿದ್ದ ಅಪ್ಪ ಆಸ್ಪತ್ರೆಯ ವಿಳಾಸವಿದ್ದ ಚೀಟಿ ಅವನ ಕೈಗಿಟ್ಟ.

ಬೆಳಗಾದರೆ ಅಪ್ಪ ತಾಯಿಯ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರುತ್ತಾನೆ. ಅಲ್ಲಿ ಪದ್ಯ ಚೆನ್ನಾಗಿ ಕೇಳಿಸುತ್ತದೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮಕ್ಕಳು ಅಳೆದು ತಂದ ಅಂಕಿಗಳನ್ನು ಹಾಡು ಮಾಡಲಿ, ಚಿತ್ರ ಮಾಡಲಿ, ಪೈಪು ಮಾಡಲಿ, ಆಟದ ಸಾಮಾನು ಎನ್ನಬೇಡಿ. ಹತ್ತಿರ ಹೋಗಿ ಮುಟ್ಟಿ ನೋಡಿ, ತಟ್ಟಿ ನೋಡಿ. ದೊಡ್ಡ ಸದ್ದಿನ ಕೆಲಸದಲ್ಲಿದ್ದರೆ ಇಂದೇ ಕಿವಿಗೆ ಕಾಪು ಹಾಕಿಕೊಳ್ಳಿ, ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ನಿಮ್ಮ ಮನೆಯಲ್ಲೂ ಯಾರೋ ಮೆತ್ತಗೆ ಏನೋ ಹೇಳುತ್ತಿರಬಹುದು.