ಅಣ್ಣ ಸಾಕು ಅಂದದ್ದು

ಮತ್ತೆ ನೆಕ್ಕಿತು, ಬೆರಳ ಸಂದಿಯಿಂದ ಹಿಡಿದು ಮಣಿಕಟ್ಟಿನ ತನಕ ಬಿಸಿಬಿಸಿ ಒದ್ದೆ, ಎಡಿತ್ ಕೈ ಜಗ್ಗಿಕೊಂಡು ಸೆರಗಿಗೆ ಒರೆಸಿದಳು, ಒರೆಸಿ ಮೊಣಕಾಲ ಮೇಲೆ ಇಡುವಷ್ಟರಲ್ಲಿ ಮತ್ತೆ ಅದೇ ನಾಲಗೆ, ನೋ, ಡ್ಯೂಕ್, ನೋ, ಸ್ಟಾಪ್ ಇಟ್ — ಗೋಡೆಗೆ ಹೇಳಿದಂತಾಯಿತು, ಒಂದು ವರ್ಷದಿಂದ ಈ ನಾಯಿಯ ಜೊತೆ ಇಂಗ್ಲಿಷ್ ಮಾತಾಡಿ ಮಾತಾಡಿ ತನ್ನ ಬಾಯಿ ಒಣಗಿದೆ, ಸಿಟ್ ಅಂದರೆ ನಿಲ್ಲುತ್ತದೆ, ಕಮ್ ಅಂದರೆ ಮೂಲೆ ಸೇರುತ್ತದೆ, ರೇಲ್ವೆ ಗಾರ್ಡ್ ಸಾಹೇಬನ ಬಂಗಲೆಯಲ್ಲಿ ಹುಟ್ಟಿ ಬೆಳೆದ ಪ್ರಾಣಿಗೆ ಇಂಗ್ಲಿಷ್ ತಿಳಿಯುವುದಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ, ಮೊಂಡುತನ, ಶುದ್ಧ ಮೊಂಡುತನ, ಕಣ್ಣೆರಡೂ ಸುಣ್ಣ ಬಳಿದಂತೆ ಬೆಳ್ಳಗಾಗಿವೆ, ಎಡಗಿವಿಯೊಳಗೆ ಹುಣ್ಣು ಸೋರುತ್ತಿದೆ, ಹಲ್ಲು ಅರ್ಧ ಉದುರಿವೆ, ಮೊಂಡುತನ ಮಾತ್ರ ಒಂದಿಷ್ಟೂ ಸವೆದಿಲ್ಲ. ಮನೆಯಲ್ಲಿ ಒಂದು ದಿನವಾದರೂ ನೆಕ್ಕಿದ್ದುಂಟೇ, ತಟ್ಟೆಯನ್ನು ಕಾಲಿನಿಂದ ಸರಿಸಿಕೊಟ್ಟರೆ ತಿಂದು ಅಣ್ಣನ ಮಂಚದ ಕೆಳಗೆ ಹೋಗಿ ಬಿದ್ದುಕೊಳ್ಳುತ್ತಿತ್ತು, ತನಗೂ ಅದೇ ಬೇಕಾಗಿತ್ತು, ಇವತ್ತು ಈ ದನದ ದವಾಖಾನೆಯ ಕಟ್ಟೆಗೆ ಬಂದು ಫಿನಾಯಿಲು, ಸೆಗಣಿ, ಎತ್ತುಗಳ ಬುಸುಬುಸು ಉಸಿರು ಮೂಗಿಗೆ ಬಡಿದದ್ದೇ ತಡ, ನಡುಗುತ್ತ ನಡುಗುತ್ತ ಪ್ರೀತಿ ಉಕ್ಕಿ ಹರಿಯುತ್ತಿದೆ. ಇತ್ತ ಮಗ್ಗುಲಲ್ಲಿ ಸುಳ್ಳ ಊರಿನ ಯಮನಪ್ಪ, ಕುಳಿತಾಗಿನಿಂದ ಬಾಯಿ ಮುಚ್ಚಿಲ್ಲ ಪುಣ್ಯಾತ್ಮ, ಎತ್ತಿನ ಹೆಗಲಿಗೆ ಬಾವು ಬಂದದ್ದು ಹೇಗೆ, ಅದಕ್ಕೆ ಅರಿಶಿಣ ಹಚ್ಚಿದ್ದು ಯಾರು, ಹಚ್ಚಬೇಡ ಅಂದದ್ದು ಯಾರು, ಎಲ್ಲ ಹೇಳಿ ಮುಗಿಸಿ ಈಗ ನಾಯಿಗೆ ಬಂದಿದ್ದಾನೆ, ನಾಯಿಗೂ ದವಾಖಾನಿಗೆ ಕರಕೊಂಡ ಬರತಾರೇನ್ರಿ ಬಾಯಾರ, ಅದೂ ಕುರುಡ ನಾಯಿಗೆ, ಎಂದು ನಗುತ್ತಾನೆ, ಕೆಟ್ಟವನಲ್ಲ, ಆದರೆ ಕೆಟ್ಟವರಾದರೂ ಒಮ್ಮೊಮ್ಮೆ ಸುಮ್ಮನಿರುತ್ತಾರೆ.

ಸಂಜೆಯೊಳಗೆ ಒಂದು ದಾರಿ ಆಗಲೇಬೇಕು. ಬೆಳಿಗ್ಗೆ ಮನೆಯ ಮಾಲಕಿ ಕಾಶೀಬಾಯಿ ಬಾಗಿಲಲ್ಲಿ ನಿಂತು ಹೇಳಿ ಹೋದಳು, ಜಗಳದ ದನಿಯಲ್ಲಲ್ಲ, ಜಗಳವಾಡಿದ್ದರೆ ತಾನೂ ನಾಲ್ಕು ಮಾತು ಆಡಬಹುದಿತ್ತು, ಮೆತ್ತಗೆ ಹೇಳಿದಳು, ಬಾಯಾರ, ನೀವು ಬೇಕಾದಷ್ಟು ದಿನಾ ಇರ್ರಿ, ಆ ನಾಯಿ ಮಾತ್ರ ಸಂಜೀ ದೀಪಾ ಹಚ್ಚೂದ್ರಾಗ ಹೊರಗ ಹೋಗಬೇಕು, ಇಲ್ಲಂದ್ರ ಇಬ್ಬರೂ ಹೋಗ್ರಿ — ತಪ್ಪೇನು ಆಕೆಯದು, ಕಣ್ಣಿಲ್ಲದ ಈ ಘನಂದಾರಿ ಇಡೀ ಅಂಗಳ ಬಿಟ್ಟು ಹುಡುಕಿಕೊಂಡು ಹೋಗಿ ತುಳಸಿ ಕಟ್ಟೆಗೇ ಕಾಲೆತ್ತಿದೆ, ಒಂದು ಸಲವಾದರೆ ಕುರುಡು ಎನ್ನಬಹುದು, ದಿನಾ ಬೆಳಿಗ್ಗೆ ಅದೇ ಕಟ್ಟೆ, ಎರಡು ವಾರ ಬೇರೆ ಮನೆಯಲ್ಲಿದ್ದು ಬಂದ ಮೇಲೂ ಅದೇ ಕಟ್ಟೆ ಎಂದರೆ ಏನೆನ್ನಬೇಕು, ಬಕೆಟ್ಟು ಹಿಡಿದು ತೊಳೆದು ತೊಳೆದು ತನ್ನ ಸೊಂಟ ಬಿದ್ದುಹೋಯಿತು, ಕ್ರೈಸ್ತರ ಹೆಂಗಸು ತುಳಸಿ ಕಟ್ಟೆ ತೊಳೆಯುವುದನ್ನು ನೋಡಲಿಕ್ಕೆ ಓಣಿಯ ಮಂದಿ ಕಿಟಕಿ ತೆರೆಯುತ್ತಾರೆ, ನಕ್ಕರೆ ನಗಲಿ. ಎಲ್ಲ ವರಪ್ರಸಾದಣ್ಣನ ಕೃಪೆ, ಪುಣ್ಯ ಅವನಿಗೆ, ಬಕೆಟ್ಟು ತನಗೆ.

ರೇಲ್ವೆಯ ಸ್ಟೋರಿನಲ್ಲಿ ಕಾರಕೂನನಾಗಿದ್ದವನು ಕಾರಕೂನಿಕೆ ಮಾಡಿಕೊಂಡು ಇರಬಾರದಿತ್ತೇ, ಆಂಗ್ಲೋ-ಇಂಡಿಯನ್ ಮಂದಿ ಒಬ್ಬೊಬ್ಬರಾಗಿ ಬಂಗಲೆ ಖಾಲಿ ಮಾಡಿ ಆಸ್ಟ್ರೇಲಿಯಾದ ಹಡಗು ಹತ್ತತೊಡಗಿದಾಗ ಪಿಯಾನೋ ಮಾರಿದರು, ಕುರ್ಚಿ ಮಾರಿದರು, ಎಳೆಯ ನಾಯಿಗಳನ್ನು ಸ್ನೇಹಿತರಿಗೆ ಕೊಟ್ಟರು, ಮುದಿ ನಾಯಿಗಳನ್ನು ಮಾತ್ರ ವರಪ್ರಸಾದನ ಮನೆಗೆ ತಂದು ಬಿಟ್ಟರು, ಅವ ಬ್ಯಾಡ ಅನ್ನೂದಿಲ್ಲ ಎಂದು ಇಡೀ ರೇಲ್ವೆ ಕಾಲನಿಗೆ ಗೊತ್ತಾಗಿತ್ತಲ್ಲ, ಮೂರು ಕಾಲಿನದು, ಮೂರ್ಛೆ ಬರುವುದು, ಹಲ್ಲಿಲ್ಲದ ಬೆಕ್ಕು, ಬಾಲದ ಮೇಲೆ ಬಾಗಿಲು ಬಿದ್ದು ಹುಚ್ಚು ಹಿಡಿದಂತೆ ಆಡುವ ಇನ್ನೊಂದು ಬೆಕ್ಕು, ರವಿವಾರ ಆರಾಧನೆ ಮುಗಿದದ್ದೇ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದ, ಬೆಂಗೇರಿ, ಅಮರಗೋಳ, ಮನೆಮನೆಯ ಬಾಗಿಲು ಬಡಿದು, ಕುಂಟಿ ಇದ್ರೂ ಭಾಳ ಛಲೋ ನಾಯಿ ಐತ್ರಿ, ಹೆಣ್ಣು ಕೊಡಲಿಕ್ಕೆ ಬಂದವನ ಹಾಗೆ ಮಾತಾಡಿ, ಕೊಟ್ಟ ಮೇಲೂ ಬಿಡದೆ ವಾರಕ್ಕೊಮ್ಮೆ ಹೋಗಿ ನೋಡಿ, ಚಹಾ ಕುಡಿದು, ಸಾಲದ್ದಕ್ಕೆ ಇದೇ ದವಾಖಾನೆಗೆ ತಂದು ಮುಲಾಮು ಹಚ್ಚಿಸಿ — ತಂಗಿ ಮದುವೆಯಿಲ್ಲದೆ ಸಾಲಿಯಲ್ಲಿ ಕನ್ನಡ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡಳು, ಆಕೆಗೆ ಒಂದು ಮನೆ ನೋಡಲು ಇವನಿಗೆ ಪುರುಸೊತ್ತು ಆಗಲಿಲ್ಲ, ಥೂ, ಇದೇನು ಮಾತು, ತಾನೇ ಬೇಡ ಅಂದದ್ದು, ಎರಡು ಸಲ ಬೇಡ ಅಂದಿದ್ದೆ, ಆದರೂ ಸಿಟ್ಟು ಬಂದಾಗ ಹಾಗೆ ಅನಿಸುತ್ತದೆ. ಎಲ್ಲಕ್ಕೂ ಮನೆ ಸಿಕ್ಕಿತು, ಇದೊಂದು ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಅಣ್ಣ ಸಾಯುವಾಗ ಆಡಿದ ಆ ಮಾತು ಬೇರೆ. ಹೋದ ವರ್ಷ ಒಂದು ಮಧ್ಯಾಹ್ನ, ಕೋಣೆಯ ತುಂಬ ಸಭೆಯ ಮಂದಿ, ಪಾಸ್ಟರ್ ಅಯ್ಯನವರು ತಲೆದೆಸೆಯಲ್ಲಿ ನಿಂತು ಪ್ರಾರ್ಥಿಸುತ್ತಿದ್ದಾರೆ, ಅಣ್ಣನ ಬಲಗೈ ಮಂಚದಿಂದ ಕೆಳಗೆ ಜೋತುಬಿದ್ದಿದೆ, ಕಣ್ಣು ಮುಚ್ಚಿದೆ, ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ತುಟಿ ಅಲುಗಾಡಿತು, ಸಾಕು, ಅಷ್ಟೇ, ಒಂದೇ ಒಂದು ಮಾತು, ಸಾಕು, ಆಮೇಲೆ ಏನೂ ಇಲ್ಲ, ತಾನು ಓಡಿ ಹೋಗಿ ಆ ಕೈ ಎತ್ತಿ ಹಿಡಿದರೆ ಮಣಿಕಟ್ಟಿನವರೆಗೆ ಒದ್ದೆ, ನೀರಿನ ಲೋಟ ಚೆಲ್ಲಿತ್ತೋ ಏನೋ, ಸೆರಗಿನಿಂದ ಒರೆಸಿ ಎದೆಯ ಮೇಲೆ ಮಡಚಿ ಇಟ್ಟಳು. ಸಮಾಧಿಯ ಹತ್ತಿರ ಅಯ್ಯನವರು ಅದೇ ಮಾತು ಹಿಡಿದು ಬೋಧಿಸಿದರು, ನಮ್ಮ ಸಹೋದರ ಸಾಕು ಎಂದು ಹೇಳಿ ಹೋದ, ಕರ್ತನು ಕೊಟ್ಟದ್ದು ಸಾಕು ಎಂದು ತೃಪ್ತನಾಗಿ ಹೋದ, ಮಂದಿ ಕಣ್ಣು ಒರೆಸಿಕೊಂಡರು, ತಾನೊಬ್ಬಳೇ ಹಲ್ಲು ಕಚ್ಚಿ ನಿಂತಿದ್ದಳು, ತೃಪ್ತಿಯಂತೆ, ಮಂಚದ ಕೆಳಗೆ ಕುರುಡು ನಾಯಿ ಇಟ್ಟುಕೊಂಡು ಸಾಯುವವನು ತಂಗಿಗೆ ಸಾಕು ಎಂದರೆ ಅದರ ಅರ್ಥ ತೃಪ್ತಿಯೇ, ಇದನ್ನು ಸಾಕು ಅಂತ ಅಲ್ಲವೇ, ಆಜ್ಞೆ ಅದು — ಇಲ್ಲ, ಅಲ್ಲವೋ, ಸಾಕು ಮಾಡು ಎಡಿತ್, ನನ್ನ ಹುಚ್ಚು ನನಗೇ ಮುಗಿಯಲಿ ಅಂದನೋ. ಇಡೀ ಜನ್ಮ ಹುಡುಗಿಯರಿಗೆ ವ್ಯಾಕರಣ ಕಲಿಸಿದವಳು, ಸಾಕು, ವಿಧ್ಯರ್ಥ ಕ್ರಿಯಾಪದ, ಮಧ್ಯಮ ಪುರುಷ, ಏಕವಚನ, ಸಾಕು, ಕ್ರಿಯಾರ್ಥಕ ಅವ್ಯಯ, ಲಿಂಗ ವಚನ ಯಾವುದೂ ಇಲ್ಲ, ವಾಕ್ಯದಲ್ಲಿ ಇಟ್ಟು ನೋಡ್ರಿ ಹುಡಿಗ್ಯಾರ, ಅರ್ಥ ತಾನ ಗೊತ್ತಾಗತದ ಎಂದು ಬಾಯಿ ನೋಯುವಂತೆ ಹೇಳಿದವಳಿಗೆ ಅಣ್ಣ ಬರೀ ಒಂದು ಶಬ್ದ ಕೊಟ್ಟು ಹೋದ, ವಾಕ್ಯ ಕೊಡಲಿಲ್ಲ, ಒಳ್ಳೆಯ ದಿನ ಅದು ಸಾಕು ಎಂಬ ಆಜ್ಞೆ, ತುಳಸಿ ಕಟ್ಟೆ ತೊಳೆದ ದಿನ ಅದು ಸಾಕಪ್ಪಾ ಸಾಕು. ಯಾವುದೆಂದು ಗೊತ್ತಾಗಿದ್ದರೆ ಇವತ್ತು ಇಲ್ಲಿ ಕುಳಿತು ಹೀಗೆ ಕೊರಗುವುದು ತಪ್ಪುತ್ತಿತ್ತು.

ಪ್ರಯತ್ನ ಮಾಡಲಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಬೆಂಗೇರಿಯ ಕಿರಾಣಿ ಅಂಗಡಿಯ ಶಾಂತಯ್ಯ ಕರೆದುಕೊಂಡು ಹೋದ, ಅಂಗಡಿ ಕಾಯಲಿ ಎಂದು, ಕಾಯುವುದು ಎಲ್ಲಿಂದ ಬಂತು, ಗಿರಾಕಿಗೆ ಹಾಯುತ್ತದೆ, ಬೆಲ್ಲದ ಪೆಂಟೆಗೆ ಹಾಯುತ್ತದೆ, ಶಾಂತಯ್ಯನ ಮನೆಯವರ ನಾಲಗೆಗೆ ಡ್ಯೂಕ್ ಎಂಬುದು ಹೊರಳದೆ ಡುಕ್ಕ ಆಗಿ, ಡುಕ್ಕ ಹೋಗಿ ಡುಕರ ಆಯಿತು, ನಾಯಿಯನ್ನು ಹಂದಿ ಹಂದಿ ಎಂದು ಕರೆದರೆ ಅದು ಹೇಗೆ ಬಂದೀತು, ಎರಡು ವಾರಕ್ಕೆ ಸರಿಯಾಗಿ ನಿನ್ನೆ ಬೆಳಗ್ಗೆ ಗೇಟಿಗೆ ಕಟ್ಟಿ ಹೋಗಿದ್ದಾನೆ, ಎದುರು ನಿಂತು ಹೇಳಲೂ ಇಲ್ಲ, ಆ ಕಿವಿಯ ಹುಣ್ಣು ಅಲ್ಲಿಯದೇ. ಹಗ್ಗ ಬಿಚ್ಚುವಾಗ ಅದು ತನ್ನ ಸೀರೆಯ ವಾಸನೆ ಹಿಡಿದು ಒಂದು ಸಲ ಬಾಲ ಆಡಿಸಿತು, ಒಂದೇ ಸಲ, ಎಲ್ಲಿ ಆಸೆ ತೋರಿಸಿದರೆ ಮತ್ತೆ ಕೊಟ್ಟುಬಿಡುತ್ತಾರೋ ಎನ್ನುವ ಹಾಗೆ, ಅದನ್ನು ನೆನೆದರೆ ಈಗಲೂ ಶಾಂತಯ್ಯನ ಅಂಗಡಿಗೆ ಹೋಗಿ ಬೈದು ಬರಬೇಕೆನಿಸುತ್ತದೆ, ಬೈದರೆ ಏನು ಬಂತು, ಕೊಟ್ಟವಳು ತಾನೇ.

ಬರ್ರಿ ಬಾಯಾರ, ಎಂದರು ಡಾಕ್ಟರ್ ಗಿರಿಯಪ್ಪ, ಕೈ ತೊಳೆದುಕೊಳ್ಳುತ್ತ, ಹೊಸದಾಗಿ ಬಂದ ಹುಡುಗ ಡಾಕ್ಟರು, ಬೆಳಗಿನಿಂದ ಎತ್ತುಗಳ ಜೊತೆ ಗುದ್ದಾಡಿ ಅಂಗಿಯೆಲ್ಲ ಕೆಸರು, ಆದರೂ ಕಟ್ಟೆಯ ಮೇಲೆಯೇ ಕುಕ್ಕರಗಾಲಿನಲ್ಲಿ ಕುಳಿತು ನಾಯಿಯ ತಲೆ ಹಿಡಿದು ಕಿವಿ ಮಗುಚಿ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಹೊಟ್ಟೆ ಒತ್ತಿದರು, ಅದು ಒಂದು ಸಲವೂ ಗುರ್ ಎನ್ನಲಿಲ್ಲ, ತನ್ನ ಕೈ ನೆಕ್ಕುತ್ತಲೇ ಇತ್ತು. ಕಣ್ಣು ಇನ್ನ ಬರೂದಿಲ್ರಿ, ಆದ್ರ ಕಣ್ಣಿನ ನೋವೂ ಇಲ್ಲ, ಎಂದರು, ಕಿವಿ ವಾಸಿ ಆಗತೈತಿ, ದಿನಾ ತೊಳದು ಔಷಧ ಹಾಕವ್ರು ಬೇಕು, ಸಾಕವ್ರು ಯಾರರ ಇದ್ರ ಹೇಳ್ರಿ, ಈಗ ಔಷಧ ಕೊಡ್ತೇನಿ, ಯಾರೂ ಇಲ್ಲಂದ್ರ, ಬಾಯಾರ, ಬೀದ್ಯಾಗ ಬಿಟ್ರ ಕಿವ್ಯಾಗ ಹುಳಾ ಬೀಳತಾವ, ಅದಕಿಂತ ಒಂದ ಸೂಜಿ ಛಲೋ, ನಿದ್ದಿ ಬಂದಂಗ ಹೋಗತೈತಿ, ನೀವ ಹೇಳ್ರಿ. ಇಷ್ಟೂ ಒಳ್ಳೆಯ ಮಾತುಗಳೇ, ಒಂದರಲ್ಲಿಯೂ ತಪ್ಪು ಹುಡುಕಲು ಬರುವಂತಿಲ್ಲ, ತಪ್ಪು ಸಿಕ್ಕಿದ್ದರೆ ಸಿಟ್ಟು ಮಾಡಿ ಎದ್ದು ಹೋಗಬಹುದಿತ್ತು, ಸಂಜೆ ದೀಪ, ಕಾಶೀಬಾಯಿ, ಈ ವಯಸ್ಸಿನಲ್ಲಿ ನಾಯಿ ಕಟ್ಟಿಕೊಂಡ ಒಂಟಿ ಹೆಂಗಸಿಗೆ ಹುಬ್ಬಳ್ಳಿಯಲ್ಲಿ ಯಾರು ಮನೆ ಕೊಡುತ್ತಾರೆ, ಅಣ್ಣಾ, ಏನಂದಿ ನೀನು, ಬಾಯಿ ಬಿಟ್ಟು ಸರಿಯಾಗಿ ಹೇಳಿ ಹೋಗಬಾರದಿತ್ತೇ, ಯಮನಪ್ಪ ಎತ್ತಿನ ಹಗ್ಗ ಹಿಡಿದುಕೊಂಡೇ ನಡುವೆ ಬಾಯಿ ಹಾಕಿದ, ಸೂಜೀನ ಛಲೋರಿ, ಕಣ್ಣಿಲ್ಲದ್ದು ಇದ್ದು ಏನ ಮಾಡೂದೈತಿ, ನಮ್ಮ ಓಣ್ಯಾಗ ಒಂದಿತ್ತ್ರಿ, ಅದಕ್ಕೇನಾತಂದ್ರ, ಮತ್ತೆ ನಾಲಗೆ, ಬೆರಳು, ಅಂಗೈ, ಮಣಿಕಟ್ಟು, ಬಿಡದೆ, ಬಿಡದೆ, ಸ್ಟಾಪ್ ಇಟ್ ಡ್ಯೂಕ್, ಅದಕ್ಕೇನಾತಂದ್ರ ಬಾಯಾರ, ಸ್ಟಾಪ್ —

ಸಾಕು.

ಬಂದೇಬಿಟ್ಟಿತು ಬಾಯಿಂದ, ಯಾರಿಗೆಂದು ಕೇಳಿದರೆ ತನಗೂ ಗೊತ್ತಿಲ್ಲ, ಯಮನಪ್ಪನಿಗೋ, ಕಾಶೀಬಾಯಿಗೋ, ಸತ್ತು ಮಲಗಿದ ಅಣ್ಣನಿಗೋ, ಯಮನಪ್ಪ ಬಾಯಿ ಮುಚ್ಚಿದ, ಗಿರಿಯಪ್ಪ ಡಾಕ್ಟರು ತಲೆ ತಗ್ಗಿಸಿ, ಛಲೋ ಆತ್ರಿ ಬಾಯಾರ, ಕಠಿಣ ಐತಿ, ಆದ್ರ ಛಲೋ ಆತು, ಎಂದು ಎದ್ದು ಒಳಗೆ ಹೋದರು, ಗಾಜಿನ ಸೀಸೆ ಮೇಜಿಗೆ ತಾಗಿದ ಸಪ್ಪಳ. ನಾಲಗೆ ನಿಂತಿತ್ತು. ನಡುಕ ನಿಂತಿತ್ತು. ನಾಯಿ ಬಾಯಿ ಮುಚ್ಚಿ, ಗದ್ದವನ್ನು ಮೆಲ್ಲಗೆ ತನ್ನ ಅಂಗೈಯಲ್ಲಿ ಇಟ್ಟು, ಉಸ್ ಎಂದು ಉಸಿರು ಬಿಟ್ಟು ಕುಳಿತಿತ್ತು, ದಿನಾ ಮಾಡುವ ಕೆಲಸದ ಹಾಗೆ, ಬಹಳ ದಿನದಿಂದ ಆ ಒಂದು ಮಾತಿಗೆ ಕಾದು ಕುಳಿತಿದ್ದ ಹಾಗೆ. ಕನ್ನಡ, ಕರ್ಮವೇ, ಅಣ್ಣ ಇದರ ಜೊತೆ ಕನ್ನಡ ಮಾತಾಡುತ್ತಿದ್ದ, ರಾತ್ರಿ ಊಟವಾದ ಮೇಲೆ ಬಾಗಿಲು ಮುಚ್ಚಿದ ಕೋಣೆಯೊಳಗೆ ಗುಜುಗುಜು ದನಿ ಕೇಳಿದರೆ ತಾನು ಪ್ರಾರ್ಥನೆ ಮಾಡುತ್ತಾನೆ ಎಂದುಕೊಂಡು ಹೆಜ್ಜೆ ಸಪ್ಪಳ ಸಹ ಮಾಡದೆ ಹೋಗುತ್ತಿದ್ದಳು, ಪ್ರಾರ್ಥನೆಯಲ್ಲ, ನೆಕ್ಕಿದ್ದು ಸಾಕು, ಮಲಕೋ ಇನ್ನ, ಅಷ್ಟೇ, ಅದೇ. ಆ ಮಧ್ಯಾಹ್ನ ಮಂಚದಿಂದ ಜೋತುಬಿದ್ದ ಕೈ, ಮಂಚದ ಕೆಳಗೆ ಇದು, ಲೋಟ ಎಲ್ಲಿ ಚೆಲ್ಲಿತ್ತು, ಲೋಟ ಕಿಟಕಿಯಲ್ಲಿ ತುಂಬಿಯೇ ಇತ್ತಲ್ಲ, ಆಮೇಲೆ ತಾನೇ ಆ ನೀರನ್ನು ಗಿಡಕ್ಕೆ ಹಾಕಿದ್ದಳು. ತನಗೆ ಅಂದದ್ದಲ್ಲ. ಕರ್ತನಿಗೂ ಅಂದದ್ದಲ್ಲ. ಅಯ್ಯನವರು ಅಷ್ಟು ದೊಡ್ಡ ಬೋಧೆ ಮಾಡಿದರು, ತಾನು ವರ್ಷವಿಡೀ ಪದ ಬಿಡಿಸಿ ನೋಡಿದಳು, ಅವನು ನಾಯಿಗೆ ಅಂದಿದ್ದ, ಕೊನೆಯ ಮಾತು ನಾಯಿಗೆ, ಒಡಹುಟ್ಟಿದ ತಂಗಿ ಮಗ್ಗುಲಲ್ಲಿ ನಿಂತಿರುವಾಗ ನಾಯಿಗೆ, ಸಿಟ್ಟು ಬರಬೇಕು, ಬರುತ್ತಿದೆ, ಇದು ಸಿಟ್ಟೇ ಇರಬೇಕು, ಆದರೆ ಕಣ್ಣೇಕೆ ಹೀಗೆ. ಆಜ್ಞೆ ಇರಲಿಲ್ಲ ಹಾಗಾದರೆ. ಇಟ್ಟುಕೋ ಎಂದೂ ಹೇಳಿಲ್ಲ, ಬಿಟ್ಟುಬಿಡು ಎಂದೂ ಹೇಳಿಲ್ಲ, ಇನ್ನು ಅವನ ಹೆಸರು ಹೇಳಿ ಇಡಲಿಕ್ಕೂ ಬರುವುದಿಲ್ಲ, ಬಿಡಲಿಕ್ಕೂ ಬರುವುದಿಲ್ಲ.

ಡಾಕ್ಟರು ಸೂಜಿ ತುಂಬಿಕೊಂಡು ಹೊರಗೆ ಬಂದರು, ಮುಂಗಾಲು ಹಿಡಕೋರಿ, ಎಂದರು. ಎಡಿತ್ ಹಿಡಿಯಲಿಲ್ಲ. ನಾ ಸಾಕ್ತೇನ್ರಿ, ಎಂದಳು. ಬಾಯಾರ, ಈಗ ಸಾಕು ಅಂದ್ರಲ್ಲಾ, ಎಂದರು ಡಾಕ್ಟರು. ಅದು ನಿಮಗ ಅಂದದ್ದಲ್ಲ, ಡಾಕ್ಟರ, ನಾ ಸಾಕ್ತೇನಿ, ಔಷಧ ಬರದು ಕೊಡ್ರಿ — ಉತ್ತಮ ಪುರುಷ, ಏಕವಚನ, ಇದಕ್ಕೆ ಎರಡನೆಯ ಅರ್ಥವಿಲ್ಲ, ಯಾವ ಅಯ್ಯನವರೂ ಇದರ ಮೇಲೆ ಬೋಧೆ ಮಾಡುವ ಹಾಗಿಲ್ಲ. ಡಾಕ್ಟರು ಸೂಜಿ ತೆಗೆದುಕೊಂಡು ಮತ್ತೆ ಒಳಗೆ ಹೋದರು, ಯಮನಪ್ಪ ಎತ್ತಿನ ಕಡೆ ತಿರುಗಿಕೊಂಡ. ಸಂಜೆಯೊಳಗೆ ಮನೆ ಹುಡುಕಬೇಕು, ಇನ್ನು ನಾಯಿಗಷ್ಟೇ ಅಲ್ಲ, ಇಬ್ಬರಿಗೂ, ಬಾಗಿಲು ಬಡಿಯಬೇಕು, ಮುದುಕಿ ಇದ್ರೂ ಭಾಳ ಛಲೋ ಬಾಡಿಗಿಯಾಕಿ ಅದಾಳ್ರಿ ಎಂದು ಹೇಳಲಿಕ್ಕೆ ಅಣ್ಣನೂ ಇಲ್ಲ, ಸೈಕಲ್ಲು ಹೊಡೆಯಲು ತನಗೆ ಬರುವುದಿಲ್ಲ, ಮೊದಲು ಸಾಲಿಯಲ್ಲಿ ಜೊತೆಗಿದ್ದ ಗ್ರೇಸಿ ಟೀಚರರ ಹಿತ್ತಲ ಕೋಣೆ ಕೇಳಬೇಕು, ಆಮೇಲೆ, ಆಮೇಲೆ ಸೆರಗಿನ ತುದಿ ಎತ್ತಿಕೊಂಡಳು, ಕೈ ಒರೆಸಿಕೊಳ್ಳಬೇಕು, ಎತ್ತಿಕೊಂಡದ್ದು ಹಾಗೇ ಉಳಿಯಿತು — ಅವತ್ತು ಒರೆಸಿಬಿಟ್ಟಿದ್ದೆ, ಅವನ ಕೈ, ಮಣಿಕಟ್ಟಿನವರೆಗೆ ಒದ್ದೆ.