ಹಗ್ಗ ಹಿಡಿದವಳು

ಕೋಡಿಯ ಕಡಲ ದಂಡೆಯಲ್ಲಿ ನಿಂತು ಹಗ್ಗ ಹಿಡಿದು ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಇಪ್ಪತ್ತೊಂಬತ್ತು ಜನರಲ್ಲಿ ಹೆಂಗಸು ಅಂತ ಇದ್ದದ್ದು ವನಜ ಒಬ್ಬಳೇ. ಗಂಡನಿಗೆ ಸೊಂಟ ಕೈಕೊಟ್ಟ ವರ್ಷ ಅವನ ಜಾಗದಲ್ಲಿ ನಿಂತವಳು, ಹನ್ನೆರಡು ವರ್ಷವಾದರೂ ಹಗ್ಗ ಬಿಟ್ಟಿರಲಿಲ್ಲ. ಅಂಥವಳನ್ನು ಒಂದು ಟ್ಯಾಬು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೀನು ಮಾರುವವಳನ್ನಾಗಿ ಮಾಡಿಬಿಟ್ಟಿತು.

ಸರ್ಕಾರದ ಹೊಸ ನಿಯಮ ಬಂದಿತ್ತು. ಮೀನು ಹಿಡಿಯುವವರೆಲ್ಲ ಮುಖದ ಫೋಟೊ ಕೊಟ್ಟು ಕಾರ್ಡು ಮಾಡಿಸಬೇಕು. ಕಾರ್ಡಿಲ್ಲದವರು ಮಳೆಗಾಲ ಕಳೆದ ಮೇಲೆ ಬಲೆ ಮುಟ್ಟುವಂತಿಲ್ಲ. ಫೋಟೊ ತೆಗೆಯಲು ಬಂದವನು ಶಂಕರನಾರಾಯಣ ಊರಿನ ಕಡೆಯ ನಿತೇಶ್, ಮೀನುಗಾರಿಕೆ ಇಲಾಖೆಯ ಗುತ್ತಿಗೆ ನೌಕರ, ಪಾಪದ ಮನುಷ್ಯ. ಇಪ್ಪತ್ತೆಂಟು ಗಂಡಸರ ಮುಖವನ್ನು ಟ್ಯಾಬು ತಕರಾರಿಲ್ಲದೆ ನುಂಗಿತು. ವನಜಳ ಹೆಸರಿನ ಮುಂದೆ ‘ಹೆಣ್ಣು’ ಅಂತ ಒತ್ತಿದ್ದೇ ತಡ, ‘ಮೀನು ಹಿಡಿಯುವವರು’ ಎಂಬ ಸಾಲೇ ಮಾಯವಾಯಿತು. ಉಳಿದದ್ದು ಮಾರುವವರು, ಒಣಗಿಸುವವರು. ವನಜ ಜನ್ಮದಲ್ಲಿ ಮೀನಿನ ಬುಟ್ಟಿ ಹೊತ್ತವಳಲ್ಲ. ಎಲ್ಲೋ ಫ್ಯಾನಿನ ಅಡಿ ಕೂತು ಆ ಪಟ್ಟಿ ಮಾಡಿದ ಪುಣ್ಯಾತ್ಮನಿಗೆ ಅದು ಹೇಗೆ ಗೊತ್ತಾಗಬೇಕು?

ತನ್ನ ಕೈಯಲ್ಲೇನೂ ಇಲ್ಲವೆಂದು ನಿತೇಶ್ ತಲೆ ಕೆರೆದುಕೊಳ್ಳುತ್ತಿರುವಾಗಲೇ, ಕಡಲಿಗೆ ಹಾಕಿದ್ದ ಬಲೆಯ ತೆಂಕು ಬದಿಯ ಹಗ್ಗ ಜಾರತೊಡಗಿತು. ಬಲೆ ಭಾರವಿತ್ತು, ನೀರಿನ ಸೆಳೆತ ಜೋರಿತ್ತು. ಮಾತು ಅಲ್ಲೇ ಬಿಟ್ಟು ವನಜ ಓಡಿದಳು. ಅವಳು ಕೂಗಿ ಕರೆದದ್ದಕ್ಕೆ ನಿತೇಶನೂ ಟ್ಯಾಬು ಮರಳಿನ ಮೇಲಿಟ್ಟು ಬಂದು ಹಗ್ಗಕ್ಕೆ ಕೈ ಹಾಕಿದ.

ಬಲೆ ದಡ ಸೇರಿತು. ಬಲೆಯ ಯಜಮಾನ ಚೆನ್ನಯ್ಯ ಬಂಗಡೆಯನ್ನು ಪಾಲು ಮಾಡುವಾಗ ನಿತೇಶನಿಗೂ ಒಂದು ಪಾಲು ಇಟ್ಟ. ಅವನು ಬೇಡವೆಂದು ಹಿಂದೆ ಸರಿದ. ಹಗ್ಗಕ್ಕೆ ಕೈ ಹಾಕಿದವನು ದಾರಿಹೋಕನೇ ಆಗಲಿ, ಅವನಿಗೆ ಪಾಲು ಇಡುವುದು ಇಲ್ಲಿಯ ಕಟ್ಟಳೆ, ಯಾರು ಏನು ಅಂತ ಕೇಳುವ ಕ್ರಮವಿಲ್ಲ ಎಂದು ಚೆನ್ನಯ್ಯ ತಿಳಿಸಿ ಹೇಳಿದ.

ಅರ್ಧ ಗಂಟೆ ಎಳೆದ ತನಗೆ ಪಾಲು, ಹನ್ನೆರಡು ವರ್ಷ ಎಳೆದವಳಿಗೆ ಒಂದು ಸಾಲಿಲ್ಲ. ನಿತೇಶನಿಗೆ ನಾಚಿಕೆಯಾಯಿತು. ವನಜಳನ್ನು ಬದಿಗೆ ಕರೆದು ದನಿ ತಗ್ಗಿಸಿದ.

“ವನಜಕ್ಕ, ಗಂಡ್ ಅಂದ್ ಒತ್ತಿರೆ ಟ್ಯಾಬ್ ತಕಂತ್. ಯಾರಿಗೂ ಗೊತ್ತಾತಿಲ್ಲೆ.”

ವನಜಳಿಗೆ ಒಂದು ಗಳಿಗೆ ಆಸೆಯಾಯಿತು. ಕಾರ್ಡು ಬಂದರೆ ಸಾಕಲ್ಲ. ಮರುಗಳಿಗೆಯಲ್ಲೇ ಮೈಯೆಲ್ಲ ಉರಿಯಿತು.

“ಹನ್ನೆರಡ್ ವರ್ಷ ಹೆಣ್ಣಾಯೇ ಎಳ್ದದ್ದ್ ನಾನ್,” ಅಂದಳು, ದಂಡೆಗೆಲ್ಲ ಕೇಳುವ ಹಾಗೆ. “ಒಂದ್ ಕಾರ್ಡಿಗೋಸ್ಕರ ಗಂಡ್ ಆತಿಲ್ಲೆ. ನನ್ನ್ ಹೆಸ್ರೇ ಬ್ಯಾಡ.”

ಗಂಡಸರು ತಮ್ಮ ತಮ್ಮ ಪಾಲನ್ನು ಬುಟ್ಟಿಗೆ ತುಂಬತೊಡಗಿದರು. ಇಪ್ಪತ್ತೆಂಟು ಜನರ ಕಾರ್ಡು ಆಗಲೇ ಕೈಗೆ ಬಂದ ಹಾಗಿತ್ತು, ಅದನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ವನಜ ಯಾರ ಮುಖವನ್ನೂ ನೋಡಲಿಲ್ಲ, ಯಾರನ್ನೂ ಬೇಡಲಿಲ್ಲ. ತನ್ನ ಪಾಡಿಗೆ ಬಲೆ ಕೊಡವತೊಡಗಿದಳು.

ಚೆನ್ನಯ್ಯ ಕೈಯಲ್ಲಿದ್ದ ಬಂಗಡೆಯನ್ನು ಕೆಳಗಿಟ್ಟ. ಆಮೇಲೆ ಕೈ ತೊಳೆದುಕೊಂಡು ಬಂದು ನಿತೇಶನ ಮುಂದೆ ನಿಂತ. “ನನ್ನ್ ಮುಖ ಅಳ್ಸಿ,” ಅಂದ.

ಅವನ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೊಬ್ಬ. ಮುಖ ತೆಗೆದುಕೊಳ್ಳಲು ನಿಮಿಷ ಸಾಕಾಗಿದ್ದ ಟ್ಯಾಬಿಗೆ ಅಳಿಸಲು ಒಬ್ಬೊಬ್ಬರ ಒಟಿಪಿ ಬೇಕಿತ್ತು. ಬಿಸಿಲೇರುವವರೆಗೂ ಕೂತು ಇಪ್ಪತ್ತೆಂಟು ಮುಖವನ್ನೂ ಅಳಿಸಿದರು. ಕೊನೆಗೆ, ಕಾರಣ ಬರೆಯದೆ ಮುಂದೆ ಹೋಗುವುದಿಲ್ಲವೆಂದು ಟ್ಯಾಬು ಹಟ ಹಿಡಿಯಿತು. ಏನು ಬರೆಯಲಿ ಎಂದು ನಿತೇಶ್ ವನಜಳನ್ನೇ ಕೇಳಿದ.

ವನಜಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು.

“ಮಳಿಗಾಲ ಕಳ್ದ್ ಮೇಲೂ ನಾವ್ ಬಲೆ ಹಾಕುದ್ ಇದೇ ದಂಡಿ ಮೇಲೆ, ಇಪ್ಪತ್ತೊಂಬತ್ತ್ ಜನವೂ ಇರ್ತ್ರ್ ಅಂದ್ ಬರಿನಿ. ತಡೆಯುವರ್ ಬರ್ಲಿ.”